ಹೆದ್ದಾರಿ ಕಟ್ಟಿದ್ದಾಯಿತು, ಕಾಪಾಡುವ ಹೊಣೆ ಯಾರದು?

ಕರಾವಳಿಯಲ್ಲಿ ರಸ್ತೆಯ ಸುದ್ದಿಗೆ ಎರಡು ಋತುಗಳಿವೆ. ಜೂನ್‌ನಲ್ಲಿ ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಹೆದ್ದಾರಿಯಲ್ಲಿ ಹೊಂಡ ಬಿದ್ದ ಸುದ್ದಿ ಬರುತ್ತದೆ. ಮೊಂತಿ ಹಬ್ಬ ಮುಗಿದು ಮಳೆ ಇಳಿಮುಖವಾದ ಮೇಲೆ ತೇಪೆ ಹಾಕುವ ಸುದ್ದಿ ಬರುತ್ತದೆ. ಮುಂದಿನ ಜೂನ್‌ಗೆ ಅದೇ ಜಾಗದಲ್ಲಿ ಅದೇ ಹೊಂಡ! ನಾವು ಇದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆಂದರೆ, ಮಳೆಗಾಲದಲ್ಲಿ ರಸ್ತೆ ಕೆಡುವುದು ಆಟಿಯಲ್ಲಿ ಗುಡುಗು ಬಂದಷ್ಟೇ ಸಹಜ ಎಂದು ನಂಬಿದ್ದೇವೆ.

ಆದರೆ ಇದು ಸಹಜವಲ್ಲ, ಸಣ್ಣ ವಿಷಯವೂ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 1,856 ಮಂದಿ. ಹಿಂದಿನ ವರ್ಷ, ಅಂದರೆ 2021ರಲ್ಲಿ, ಈ ಸಂಖ್ಯೆ 1,481 ಇತ್ತು. ನೀರು ತುಂಬಿದ ಹೊಂಡದ ಆಳ ತಿಳಿಯದೆ ಬೀಳುವವರಲ್ಲಿ, ಹೊಂಡ ತಪ್ಪಿಸಲು ಹೋಗಿ ಹಿಂದಿನ ಲಾರಿಗೆ ಸಿಲುಕುವವರಲ್ಲಿ ದ್ವಿಚಕ್ರ ಸವಾರರೇ ಹೆಚ್ಚು. ಬೆಳಗ್ಗಿನ ಪೂಜೆಗೆ ಹೋಗುವವರು, ಪಾಳಿ ಮುಗಿಸಿ ಮನೆಗೆ ಮರಳುವ ದಾದಿಯರು, ಮೀನು ಮಾರುವವರು, ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರು ದಿನವೂ ಬಳಸುವ ರಸ್ತೆ ಇದು.

ಹೊಂಡ ಬಿದ್ದಾಗಲೆಲ್ಲ ಗುತ್ತಿಗೆದಾರ ಎಷ್ಟು ತಿಂದ, ಯಾರು ಎಷ್ಟು ಕಮಿಷನ್ ಪಡೆದರು ಎಂಬುದಷ್ಟೇ ಚರ್ಚೆಯಾಗುತ್ತದೆ. ಆ ಪ್ರಶ್ನೆ ಕೇಳಲೇಬೇಕು. ಆದರೆ ಅದಕ್ಕಿಂತ ಹೆಚ್ಚು ಬೆಲೆಯುಳ್ಳ ಇನ್ನೊಂದು ಪ್ರಶ್ನೆಯಿದೆ: ರಸ್ತೆ ಉದ್ಘಾಟನೆಯಾದ ಮರುದಿನದಿಂದ ಅದನ್ನು ನೋಡಿಕೊಳ್ಳುವವರು ಯಾರು, ಎಷ್ಟು ವರ್ಷ, ಯಾವ ಹಣದಲ್ಲಿ?

ನೀರೇ ಮೊದಲ ವೈರಿ

ಮಂಗಳೂರು, ಉಡುಪಿ, ಕಾರವಾರದ ಕಡೆ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಡಾಮರು ರಸ್ತೆಯೆಂದರೆ ಜಲ್ಲಿಕಲ್ಲಿಗೆ ಡಾಮರನ್ನು ಅಂಟಾಗಿ ಬಳಸಿ ಹಾಸಿದ ಪದರ. ಕಲ್ಲಿಗೆ ಡಾಮರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಬಿರುಕಿನಲ್ಲಿ ನೀರು ಇಳಿದು ನಿಂತರೆ ಕಲ್ಲಿನಿಂದ ಡಾಮರು ಕಳಚಿಕೊಳ್ಳುತ್ತದೆ. ಮೇಲಿನಿಂದ ಲಾರಿಯ ಚಕ್ರ ಒತ್ತಿದಾಗ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ ಜಲ್ಲಿಯನ್ನು ಹೊರಕ್ಕೆ ದೂಡುತ್ತದೆ. ಇವತ್ತು ಒಂದು ಕಲ್ಲು ಎದ್ದರೆ ನಾಳೆ ಹತ್ತು, ವಾರದೊಳಗೆ ಹೊಂಡ. ನೀರು ಇನ್ನೂ ಕೆಳಗಿಳಿದು ಮಣ್ಣಿನ ತಳವನ್ನು ಮೆತ್ತಗೆ ಮಾಡಿದರೆ ಮೇಲಿನ ಪದರ ಎಷ್ಟೇ ಒಳ್ಳೆಯದಿದ್ದರೂ ಕುಸಿಯುತ್ತದೆ.

ಇಂದಿಗೆ ಇನ್ನೂರು ವರ್ಷಗಳ ಹಿಂದೆ ಬ್ರಿಟನ್‌ನ ಮೆಕ್ಯಾಡಮ್ ಎಂಬ ರಸ್ತೆ ತಜ್ಞ ಹೇಳಿಕೊಟ್ಟ ಪಾಠವೂ ಇದೇ: ತಳದ ಮಣ್ಣು ಒಣಗಿರಲಿ, ಮಿಕ್ಕದ್ದು ತಾನಾಗಿ ನಿಲ್ಲುತ್ತದೆ. ಹೀಗಿರುವಾಗ ನಮ್ಮ ಹೆದ್ದಾರಿಗಳ ಬದಿಯ ಚರಂಡಿಗಳ ಸ್ಥಿತಿ ನೋಡಿ. ಕೆಲವು ಕಡೆ ಚರಂಡಿಯೇ ಇಲ್ಲ, ಕೆಲವು ಕಡೆ ಇದ್ದರೂ ಹೂಳು ತುಂಬಿದೆ, ಇನ್ನು ಕೆಲವು ಕಡೆ ಚರಂಡಿ ಅರ್ಧದಲ್ಲಿ ನಿಂತು ಯಾರದೋ ಅಂಗಳಕ್ಕೆ ನೀರು ಬಿಡುತ್ತದೆ. ಮೊದಲು ಗದ್ದೆಯ ಬದಿಯ ತೋಡಿಗೆ ಸೇರುತ್ತಿದ್ದ ನೀರಿಗೆ ಏರಿಸಿದ ರಸ್ತೆ ಅಡ್ಡಲಾಗಿ ನಿಂತಿದೆ. ನೀರಿಗೆ ದಾರಿ ಬಿಡದ ರಸ್ತೆಯನ್ನು ನೀರು ಬಿಡುವುದಿಲ್ಲ.

ಇದಕ್ಕೆ ಉದಾಹರಣೆ ದೂರದಲ್ಲಿಲ್ಲ. ನಮ್ಮದೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್ ಎಂಬಲ್ಲಿ, ಗದ್ದೆಯ ಮೇಲೆ ಮಣ್ಣು ತುಂಬಿಸಿ ಎತ್ತರಿಸಿದ ಹೊಸ ರಸ್ತೆ 2025ರ ಮೇ 19ರಂದು ಕುಸಿದುಬಿತ್ತು. ಡಾಮರಿಗೆ ಬಂದ ರೋಗವಲ್ಲ ಅದು. ಮೆದು ನೆಲದ ಮೇಲೆ ಭಾರ ಹೇರಿದ್ದರ ಫಲ. ಬಂಡೆಯ ಮೇಲೆ ಕಟ್ಟಿದ ಮನೆ, ಮರಳಿನ ಮೇಲೆ ಕಟ್ಟಿದ ಮನೆ ಎಂಬ ಶುಭಸಂದೇಶದ ಸಾಮತಿಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರದ ಲೆಕ್ಕ

ನೀರಿನ ನಂತರದ ವೈರಿ ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯೊಂದರಿಂದ ಒಂದು ಸೂತ್ರ ಹೊರಬಂತು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಇಂದಿಗೂ ಎಂಜಿನಿಯರುಗಳು ಈ ಲೆಕ್ಕವನ್ನೇ ಬಳಸುತ್ತಾರೆ.

2018ರ ಜುಲೈಯಲ್ಲಿ ಕೇಂದ್ರ ಸರಕಾರ ಸರಕು ವಾಹನಗಳ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಟೈರುಗಳ ಒಂದು ಅಚ್ಚಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಏರಿಕೆ ನೂರಕ್ಕೆ ಹದಿಮೂರರಷ್ಟು ಮಾತ್ರ. ಆದರೆ ಮೇಲಿನ ಸೂತ್ರ ಹಾಕಿ ನೋಡಿದರೆ, ಪೂರ್ತಿ ಭಾರ ಹೊತ್ತ ಅಂತಹ ಒಂದೊಂದು ಅಚ್ಚಿನಿಂದ ರಸ್ತೆಗೆ ಆಗುವ ಹಾನಿ ನೂರಕ್ಕೆ ಅರುವತ್ತರಷ್ಟು ಹೆಚ್ಚು! ಸಾಗಣೆದಾರರಿಗೆ ಇದರಿಂದ ಲಾಭವಾಗಿದೆ, ಸರಕು ಸಾಗಣೆಯ ಖರ್ಚು ತಗ್ಗಿದೆ ಎಂಬುದು ನಿಜ. ಆದರೆ ಹಳೆಯ ಮಿತಿಗೆ ಲೆಕ್ಕ ಹಾಕಿ ಕಟ್ಟಿದ ರಸ್ತೆಗಳ ಆಯುಷ್ಯ ಅಷ್ಟೇ ಕಡಿಮೆಯಾಗಿದೆ. ನವಮಂಗಳೂರು ಬಂದರಿನಿಂದ ಕಲ್ಲಿದ್ದಲು, ಅದಿರು, ಅನಿಲ, ಎಣ್ಣೆ ಹೊತ್ತು ಶಿರಾಡಿ ಘಾಟಿ ಏರುವ ವಾಹನಗಳ ಸಾಲನ್ನು ನೋಡಿದವರಿಗೆ ಈ ಲೆಕ್ಕದ ಅರ್ಥ ಬೇಗ ಹೊಳೆಯುತ್ತದೆ. ಕಾರು, ಸ್ಕೂಟರುಗಳಿಂದ ಹೆದ್ದಾರಿ ಕೆಡುವುದು ತೀರಾ ಕಡಿಮೆ. ಕೆಟ್ಟ ಹೆದ್ದಾರಿಯಿಂದ ಜೀವಕ್ಕೆ ಕುತ್ತು ಬರುವುದು ಮಾತ್ರ ಅವರಿಗೇ ಮೊದಲು.

ಕಸದಿಂದ ರಸ್ತೆ: ಹೊಸ ಸಾಮಗ್ರಿಗಳ ಮಾತು

ರಸ್ತೆಗೆ ಬೇಕಾದ ಜಲ್ಲಿ ಗುಡ್ಡ ಒಡೆದು ಬರುತ್ತದೆ, ಮಣ್ಣು ಗುಡ್ಡ ಅಗೆದು ಬರುತ್ತದೆ. ಡಾಮರು ಕಚ್ಚಾತೈಲದಿಂದ ಬರುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ಡಾಮರು ತಯಾರಿಸುತ್ತದಾದರೂ ದೇಶಕ್ಕೆ ಬೇಕಾದ ಡಾಮರಿನಲ್ಲಿ ಸುಮಾರು ಅರ್ಧದಷ್ಟು ಆಮದಾಗುತ್ತದೆ ಎಂದು ಹೆದ್ದಾರಿ ಸಚಿವ ನಿತಿನ್ ಗಡ್ಕರಿ 2024ರಲ್ಲಿ ಹೇಳಿದ್ದರು. ಐದು ವರ್ಷಕ್ಕೊಮ್ಮೆ ರಸ್ತೆಯನ್ನು ಹೊಸದಾಗಿ ಹಾಸುತ್ತಾ ಹೋದರೆ ಅಷ್ಟಷ್ಟು ಗುಡ್ಡ ಕರಗುತ್ತದೆ, ಅಷ್ಟಷ್ಟು ವಿದೇಶಿ ವಿನಿಮಯ ಖರ್ಚಾಗುತ್ತದೆ. ಆದ್ದರಿಂದ ಬೇರೆ ಸಾಮಗ್ರಿಗಳ ಹುಡುಕಾಟ ನಡೆದಿದೆ.

ಎಲ್ಲಕ್ಕಿಂತ ಹೆಸರು ಮಾಡಿದ್ದು ಪ್ಲಾಸ್ಟಿಕ್ ರಸ್ತೆ. ಮಧುರೈಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊ. ರಾಜಗೋಪಾಲನ್ ವಾಸುದೇವನ್ ಇದರ ವಿಧಾನ ಕಂಡುಹಿಡಿದು 2006ರಲ್ಲಿ ಪೇಟೆಂಟ್ ಪಡೆದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೂರು ಮಾಡಿದ ಪ್ಲಾಸ್ಟಿಕನ್ನು ಸುಮಾರು 160ರಿಂದ 170 ಡಿಗ್ರಿ ಬಿಸಿಯ ಜಲ್ಲಿಯ ಮೇಲೆ ಹಾಕಿದರೆ ಅದು ಕರಗಿ ಕಲ್ಲಿಗೆ ತೆಳುವಾದ ಹೊದಿಕೆಯಂತೆ ಅಂಟಿಕೊಳ್ಳುತ್ತದೆ. ಆಮೇಲೆ ಡಾಮರು ಬೆರೆಸುತ್ತಾರೆ. ಕಲ್ಲಿನೊಳಗೆ ನೀರು ಇಳಿಯುವುದು ತಪ್ಪುತ್ತದೆ, ಡಾಮರಿನ ಹಿಡಿತ ಗಟ್ಟಿಯಾಗುತ್ತದೆ, ಒಂದಷ್ಟು ಡಾಮರೂ ಉಳಿಯುತ್ತದೆ. ಮಳೆಯ ನಾಡಿಗೆ ಒಗ್ಗುವ ಉಪಾಯ ಇದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಐದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಸುತ್ತ 50 ಕಿ.ಮೀ. ಒಳಗಿನ ಹೆದ್ದಾರಿ ಕೆಲಸಗಳಲ್ಲಿ ಪ್ಲಾಸ್ಟಿಕ್ ಬಳಸಬೇಕೆಂದು ಕೇಂದ್ರ ಸಚಿವಾಲಯ 2015ರಲ್ಲಿ ಸೂಚಿಸಿತು. ಆದರೆ ಎಚ್ಚರವೂ ಬೇಕು. ಪಿವಿಸಿ ಪ್ಲಾಸ್ಟಿಕನ್ನು ಬಿಸಿ ಮಾಡಿದರೆ ವಿಷಾನಿಲ ಹೊರಡುವುದರಿಂದ ಅದನ್ನು ಬೆರೆಸಕೂಡದು. ಸವೆದ ರಸ್ತೆಯಿಂದ ಪ್ಲಾಸ್ಟಿಕ್ ಕಣಗಳು ತೋಡು, ಹೊಳೆ, ಸಮುದ್ರ ಸೇರದಂತೆ ನೋಡಿಕೊಳ್ಳಬೇಕಾದರೂ ರಸ್ತೆ ಸವೆಯದಂತೆ ಕಾಪಾಡಲೇಬೇಕು.

ಎರಡನೆಯದು ಉಕ್ಕಿನ ಕಾರ್ಖಾನೆಯ ಕಿಟ್ಟ. ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರಲ್ಲಿ ಸೂರತ್‌ನ ಹಜೀರಾದಲ್ಲಿ ಜಲ್ಲಿಯ ಬದಲು ಸಂಸ್ಕರಿಸಿದ ಕಿಟ್ಟ ಬಳಸಿ ಆರು ಪಥದ ರಸ್ತೆ ಕಟ್ಟಲಾಯಿತು. ನಮ್ಮ ಹೆದ್ದಾರಿ 66ರಲ್ಲೇ, ಮುಂಬೈ ಗೋವಾ ನಡುವಿನ ಒಂದು ಕಿ.ಮೀ. ಭಾಗವನ್ನು ಹೀಗೆ ಕಟ್ಟಿ 2024ರಲ್ಲಿ ತೆರೆಯಲಾಯಿತು. ಗುಡ್ಡ ಒಡೆಯುವುದು ಅಷ್ಟರಮಟ್ಟಿಗೆ ತಪ್ಪಿತು. ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಂದ ಘಟ್ಟ ಇಳಿಸಿ ತರುವ ಖರ್ಚು ಹೊಂದುವುದಾದರೆ ಇಲ್ಲಿಯೂ ಯೋಚಿಸಬಹುದು.

ಇನ್ನೂ ಹತ್ತಿರದಲ್ಲಿರುವುದು ಹಾರುಬೂದಿ. ಪಡುಬಿದ್ರಿ ಸಮೀಪದ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಅಲ್ಲಿನ ಬೂದಿಯ ಬಗ್ಗೆ ಸುತ್ತಲಿನ ಜನ ವರ್ಷಗಳಿಂದ ಅಳಲು ತೋಡಿಕೊಂಡಿದ್ದಾರೆ. ಸ್ಥಾವರದಿಂದ 300 ಕಿ.ಮೀ. ಒಳಗಿನ ರಸ್ತೆ ಕಾಮಗಾರಿಗಳಲ್ಲಿ ಬೂದಿ ಬಳಸಬೇಕೆಂದು 2021ರ ಡಿಸೆಂಬರ್‌ನಲ್ಲಿ ಪರಿಸರ ಸಚಿವಾಲಯ ಅಧಿಸೂಚನೆ ಹೊರಡಿಸಿದೆ. ಹಾರುಬೂದಿಯನ್ನು ಸರಿಯಾಗಿ ಮುಚ್ಚಿ ರಸ್ತೆಯ ಏರಿಗೆ ತುಂಬಿಸಿದರೆ ಗುಡ್ಡದ ಮಣ್ಣು ಉಳಿಯುತ್ತದೆ.

ನಾರಿನ ಬಲೆಯ ಕಥೆ ಇನ್ನೊಂದು. ತೆಂಗಿನ ನಾರಿನಿಂದ ನೇಯ್ದ ಬಲೆಯನ್ನು ಮೆದು ಮಣ್ಣಿನ ಮೇಲೆ ಹಾಸಿ ಅದರ ಮೇಲೆ ರಸ್ತೆ ಕಟ್ಟಿದರೆ ಮೊದಲ ವರ್ಷಗಳಲ್ಲಿ ತಳ ಗಟ್ಟಿಯಾಗಿ ಕೂರುತ್ತದೆ. 2020ರ ಜೂನ್‌ನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ಏಳು ರಾಜ್ಯಗಳ 1,674 ಕಿ.ಮೀ. ರಸ್ತೆಗೆ ನಾರಿನ ಬಲೆ ಬಳಸಲು ನಿರ್ಧರಿಸಲಾಯಿತು. ತಮಿಳುನಾಡಿಗೆ 369 ಕಿ.ಮೀ., ಆಂಧ್ರಕ್ಕೆ 164, ಕೇರಳಕ್ಕೆ 71. ತೆಂಗು ಬೆಳೆಯುವ ನಮ್ಮ ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ವಿಪರ್ಯಾಸ!

ಕಚ್ಚಾತೈಲದ ಡಾಮರಿಗೆ ಬದಲಿಯಾಗಿ ಸಸ್ಯಜನ್ಯ ಅಂಟನ್ನು ಸೇರಿಸುವ ಪ್ರಯೋಗವೂ ನಡೆದಿದೆ. ನಾಗ್ಪುರ ಬಳಿಯ ಮನ್ಸರ್‌ನಲ್ಲಿ ಇಂತಹ ಒಂದು ಕಿ.ಮೀ. ಹೆದ್ದಾರಿ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಇವೆಲ್ಲಕ್ಕಿಂತ ಸರಳವಾದದ್ದು ಹಳೆಯ ಡಾಮರಿನ ಮರುಬಳಕೆ. ಸವೆದ ಪದರವನ್ನು ಯಂತ್ರದಿಂದ ಕೆರೆದು ತೆಗೆದು, ಹೊಸತರೊಂದಿಗೆ ಬೆರೆಸಿ ಮತ್ತೆ ಹಾಸುವುದು. ಇದರಿಂದ ಇನ್ನೊಂದು ಲಾಭವಿದೆ. ಹಳೆಯ ಪದರದ ಮೇಲೆಯೇ ಹೊಸ ಪದರ ಹಾಕುತ್ತಾ ಹೋದರೆ ರಸ್ತೆ ವರ್ಷದಿಂದ ವರ್ಷಕ್ಕೆ ಎತ್ತರವಾಗಿ ಬದಿಯ ಮನೆ, ಅಂಗಡಿ, ಶಾಲೆಗಳು ತಗ್ಗಿಗೆ ಬೀಳುತ್ತವೆ. ಮಳೆ ನೀರು ನೇರ ಒಳಗೆ. ಕೆರೆದು ಹಾಸಿದರೆ ಆ ತೊಂದರೆಯಿಲ್ಲ.

ಕಾಂಕ್ರೀಟ್ ಹಾಕಿದರೆ ಮುಗಿಯಿತೇ?

ಡಾಮರಿನ ಜಂಜಾಟವೇ ಬೇಡ, ಎಲ್ಲ ಕಡೆ ಕಾಂಕ್ರೀಟ್ ಹಾಕಿಬಿಡಿ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಮಳೆ ಹೆಚ್ಚಿರುವ ಕಡೆ, ಭಾರದ ವಾಹನ ಹೆಚ್ಚಿರುವ ಕಡೆ ಈ ಮಾತಿನಲ್ಲಿ ಸತ್ಯವಿದೆ. ಹೆದ್ದಾರಿಯ ಕಾಂಕ್ರೀಟನ್ನು ಸಾಮಾನ್ಯವಾಗಿ 30 ವರ್ಷಕ್ಕೆ, ಡಾಮರು ರಸ್ತೆಯನ್ನು 20 ವರ್ಷಕ್ಕೆ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ. ಶಿರಾಡಿ ಘಾಟಿಗೆ 2015ರಲ್ಲಿ ಮೊದಲ ಹಂತ, 2018ರಲ್ಲಿ ಎರಡನೇ ಹಂತದ ಕಾಂಕ್ರೀಟ್ ಆಯಿತು. ಎರಡು ಸಲವೂ ತಿಂಗಳುಗಟ್ಟಲೆ ಸಂಚಾರ ಬಂದ್ ಆಗಿ ಜನ ಕಷ್ಟಪಟ್ಟರು. 2018ರ ಜುಲೈಯಲ್ಲಿ ರಸ್ತೆ ತೆರೆದು ಎಲ್ಲರೂ ನಿಟ್ಟುಸಿರು ಬಿಟ್ಟರೆ, ಆಗಸ್ಟ್‌ನ ಮಳೆಗೆ ಗುಡ್ಡ ಕುಸಿದು ಅದೇ ಘಾಟಿ ಮತ್ತೆ ಮುಚ್ಚಿತು. ಕಾಂಕ್ರೀಟ್ ಗಟ್ಟಿಯಾಗಿದ್ದರೂ ಪಕ್ಕದ ಗುಡ್ಡ ಗಟ್ಟಿಯಿರಲಿಲ್ಲ.

ಕಾಂಕ್ರೀಟಿಗೂ ಆರೈಕೆ ಬೇಕು. ಹಲಗೆ ಹಲಗೆಗಳ ನಡುವಿನ ಸಂದಿಗೆ ತುಂಬಿಸಿದ ಅಂಟು ಕೆಲವು ವರ್ಷಗಳಲ್ಲಿ ಸತ್ತುಹೋಗುತ್ತದೆ. ಅದನ್ನು ಮತ್ತೆ ತುಂಬಿಸದಿದ್ದರೆ ನೀರು ಒಳಗಿಳಿದು ತಳದ ಮಣ್ಣು ತೊಳೆದು ಹಲಗೆ ಬಿರಿಯುತ್ತದೆ. ನಗರಗಳಲ್ಲಿ ಪೈಪು, ಕೇಬಲ್ಲಿಗೆಂದು ಹೊಸ ಕಾಂಕ್ರೀಟನ್ನು ಕತ್ತರಿಸುವ ಕೆಟ್ಟ ಚಾಳಿ ಬೇರೆ. ಕಾಂಕ್ರೀಟಿಗೆ ಬೇಕಾದ ಸಿಮೆಂಟು ತಯಾರಿಯಲ್ಲಿ ಇಂಗಾಲದ ಹೊಗೆ ಹೆಚ್ಚು ಎಂಬುದನ್ನೂ ಮರೆಯುವಂತಿಲ್ಲ. ಯಾವ ಸಾಮಗ್ರಿಯೂ ಹಾಕಿ ಮರೆತುಬಿಡುವಂಥದ್ದಲ್ಲ.

ಕಟ್ಟುವುದಕ್ಕೆ ಹಣವಿದೆ, ಕಾಪಾಡುವುದಕ್ಕೆ?

ಹೊಸ ರಸ್ತೆಗೆ ಶಿಲಾಫಲಕವಿದೆ, ರಿಬ್ಬನ್ ಇದೆ, ಪತ್ರಿಕೆಯಲ್ಲಿ ಫೋಟೋ ಇದೆ. ಚರಂಡಿ ಹೂಳೆತ್ತಿದ್ದಕ್ಕೆ, ಬಿರುಕು ಮುಚ್ಚಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಹಾಗಾಗಿ ಹಣವೂ ಆ ಕಡೆ ಹರಿಯುವುದಿಲ್ಲ. ಆದರೆ ಲೆಕ್ಕ ಏನು ಹೇಳುತ್ತದೆ? ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ರಸ್ತೆ ಸಂಸ್ಥೆಯ ಅಂದಾಜಿನಂತೆ, ನಿರ್ವಹಣೆಯನ್ನು ಮೂರು ವರ್ಷ ಕಡೆಗಣಿಸಿದರೆ ದುರಸ್ತಿಯ ಖರ್ಚು ಆರು ಪಟ್ಟಾಗುತ್ತದೆ, ಐದು ವರ್ಷ ಕಡೆಗಣಿಸಿದರೆ ಹದಿನೆಂಟು ಪಟ್ಟು. ಮನೆಯ ಮಾಡಿನ ಒಂದು ಹಂಚು ಒಡೆದಾಗಲೇ ಬದಲಿಸಿದರೆ ಮುಗಿಯಿತು. ಬಿಟ್ಟರೆ ಪಕ್ಕಾಸು, ಜಂತಿ ಎಲ್ಲವೂ ಕೊಳೆಯುತ್ತವೆ. ಇದು ನಮ್ಮ ಹಿರಿಯರಿಗೆ ಗೊತ್ತಿದ್ದ ಲೆಕ್ಕ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಹೆದ್ದಾರಿ 66ರ ಹಳೆಯ ಕಾಳಿ ಸೇತುವೆ ಕುಸಿಯಿತು. ಕಟ್ಟಿ ನಾಲ್ಕು ದಶಕವಾಗಿದ್ದ ಸೇತುವೆ ಅದು. ಲಾರಿಯೊಂದು ನದಿಗೆ ಬಿದ್ದು ಚಾಲಕ ಬದುಕಿ ಉಳಿದದ್ದು ದೇವರ ದಯೆ. ಸೇತುವೆಯಾಗಲಿ ರಸ್ತೆಯಾಗಲಿ, ಕಾಲಕಾಲಕ್ಕೆ ಒಳಗಿನ ಆರೋಗ್ಯ ಪರೀಕ್ಷಿಸದೆ ಹೊರಗಿನ ಬಣ್ಣ ನೋಡಿ ನಂಬಿದರೆ ಅಪಾಯ ಯಾವತ್ತೂ ಕಾದಿರುತ್ತದೆ.

ದಾರಿ ಇಲ್ಲವೆಂದಲ್ಲ. ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕೆಂಬ ಕರಾರಿದೆ. ಕೇರಳದ ಲೋಕೋಪಯೋಗಿ ಇಲಾಖೆ 2021ರ ಡಿಸೆಂಬರ್‌ನಿಂದ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ದೋಷ ಹೊಣೆಗಾರಿಕೆಯ ಅವಧಿ ಮುಗಿಯದ ರಸ್ತೆಗಳ ಬದಿಯಲ್ಲಿ ಗುತ್ತಿಗೆದಾರನ ಹಾಗೂ ಎಂಜಿನಿಯರನ ಫೋನ್ ನಂಬರು ಬರೆದ ಫಲಕ ಹಾಕತೊಡಗಿತು. ನಮ್ಮ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕಾಸರಗೋಡಿನ ಧರ್ಮಕೇಂದ್ರಗಳಿರುವುದು ಅದೇ ಕೇರಳದಲ್ಲಿ. ತಲಪಾಡಿಯ ಆಚೆ ಸಾಧ್ಯವಾದದ್ದು ಈಚೆ ಏಕೆ ಸಾಧ್ಯವಿಲ್ಲ?

ನ್ಯಾಯಾಲಯಗಳೂ ಎಚ್ಚರಿಸಿವೆ. ತ್ರಿಶೂರು ಜಿಲ್ಲೆಯ ಪಾಲಿಯೇಕ್ಕರದಲ್ಲಿ ರಸ್ತೆ ಕೆಟ್ಟಿದ್ದರಿಂದ ಕೇರಳ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಟೋಲ್ ವಸೂಲಿಯನ್ನೇ ತಡೆಯಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಟೋಲ್ ಮತ್ತೆ ಶುರುವಾದದ್ದು ಅಕ್ಟೋಬರ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂ. ಪರಿಹಾರ ನೀಡಬೇಕೆಂದು ತೀರ್ಪಿತ್ತಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಂತೆ, ನಿಗದಿತ ಗುಣಮಟ್ಟ ಪಾಲಿಸದೆ ಸಾವುನೋವಿಗೆ ಕಾರಣವಾದ ಗುತ್ತಿಗೆದಾರ ಅಥವಾ ಸಂಸ್ಥೆಗೆ ಒಂದು ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಕಾನೂನು ಇದೆ, ಬಳಸುವವರು ಬೇಕು.

ಧರ್ಮಕೇಂದ್ರಗಳು ಏನು ಮಾಡಬಹುದು?

ರಸ್ತೆಗೂ ಚರ್ಚಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿದರು, ಭೂಮಿಯನ್ನು ಎಲ್ಲರ ಸಾಮಾನ್ಯ ಮನೆಯೆಂದು ಕರೆದರು. ಕಟ್ಟಿ, ಕೆಡಿಸಿ, ಮತ್ತೆ ಗುಡ್ಡ ಒಡೆದು ಕಟ್ಟುವ ರಸ್ತೆ ಆ ಸಂಸ್ಕೃತಿಯ ಕಣ್ಣೆದುರಿನ ಉದಾಹರಣೆ. ರಸ್ತೆಯೆಂಬುದು ಎಲ್ಲರ ಸೊತ್ತು. ಅದನ್ನು ಕಾಪಾಡುವುದು ಸರ್ವರ ಒಳಿತಿನ ಕೆಲಸ.

ಮೊದಲನೆಯದಾಗಿ, ನಮ್ಮ ಮನೆ, ಶಾಲೆ, ಚರ್ಚುಗಳ ಗೇಟಿನ ಮುಂದಿನ ಮೋರಿಗಳನ್ನು ಮೇ ತಿಂಗಳಲ್ಲೇ ಶುಚಿಗೊಳಿಸೋಣ. ವಾಹನ ಒಳಗೆ ಬರಲೆಂದು ಚರಂಡಿಗೆ ಮಣ್ಣು ತುಂಬಿಸುವುದು ಬೇಡ. ಎರಡನೆಯದಾಗಿ, ಪ್ರತಿ ವಾಳೆಯ ಗುರಿಕಾರರು ತಮ್ಮ ವ್ಯಾಪ್ತಿಯ ರಸ್ತೆಗಳ ಪಟ್ಟಿ ಮಾಡಿ, ಅದನ್ನು ಕಟ್ಟಿದ್ದು ಯಾವಾಗ, ಹೊಣೆಗಾರಿಕೆಯ ಅವಧಿ ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಕೇಳಿ ತಿಳಿಯಲಿ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಗೆ 30 ದಿನಗಳಲ್ಲಿ ಉತ್ತರ ಕೊಡಲೇಬೇಕು. ಅವಧಿ ಮುಗಿಯುವ ಮೊದಲೇ ದೋಷಗಳನ್ನು ಲಿಖಿತವಾಗಿ ತಿಳಿಸಿದರೆ ದುರಸ್ತಿ ಗುತ್ತಿಗೆದಾರನ ಖರ್ಚಿನಲ್ಲಿ. ಮುಗಿದ ಮೇಲೆ ನಮ್ಮ ತೆರಿಗೆಯಲ್ಲಿ. ಮೂರನೆಯದಾಗಿ, ರಾಷ್ಟ್ರೀಯ ಹೆದ್ದಾರಿಯ ಹೊಂಡಗಳನ್ನು 1033 ಸಂಖ್ಯೆಗೆ ಕರೆ ಮಾಡಿ ತಿಳಿಸಿ, ದೂರಿನ ನಂಬರು ಬರೆದಿಟ್ಟುಕೊಳ್ಳೋಣ.

ನಾಲ್ಕನೆಯದಾಗಿ, ಐಸಿವೈಎಂ ಹಾಗೂ ಸ್ತ್ರೀ ಸಂಘಟನೆಯ ಘಟಕಗಳು ಒಣ ಪ್ಲಾಸ್ಟಿಕನ್ನು ತೊಳೆದು, ಒಣಗಿಸಿ, ಬೇರ್ಪಡಿಸಿ ಕೊಡುವ ಅಭ್ಯಾಸ ಬೆಳೆಸಬಹುದು. ನಿಟ್ಟೆ ಹಾಗೂ ತೆಂಕ ಎಡಪದವಿನಲ್ಲಿ ಒಣಕಸ ವಿಂಗಡಿಸುವ ಘಟಕಗಳು ಕಟ್ಟಲ್ಪಟ್ಟಿವೆ. ಮಣ್ಣು ಮೆತ್ತಿದ, ಊಟದ ಎಂಜಲು ಅಂಟಿದ ಪ್ಲಾಸ್ಟಿಕ್ ರಸ್ತೆಗೂ ಆಗುವುದಿಲ್ಲ, ಬೇರೆ ಯಾವುದಕ್ಕೂ ಆಗುವುದಿಲ್ಲ. ಕೊನೆಯದಾಗಿ, ಚುನಾವಣೆಯ ಹೊತ್ತಿಗೆ ಮತ ಕೇಳಲು ಬರುವವರಲ್ಲಿ ಎಷ್ಟು ಕಿಲೋಮೀಟರು ಹೊಸ ರಸ್ತೆ ಮಾಡುತ್ತೀರಿ ಎಂದು ಕೇಳುವುದರ ಜೊತೆಗೆ, ಇರುವ ರಸ್ತೆಯ ನಿರ್ವಹಣೆಗೆ ಎಷ್ಟು ಹಣ ಇಟ್ಟಿದ್ದೀರಿ ಎಂದೂ ಕೇಳೋಣ.

ಪ್ಲಾಸ್ಟಿಕ್, ಕಿಟ್ಟ, ಬೂದಿ, ನಾರು ಎಲ್ಲವೂ ಒಳ್ಳೆಯವೇ. ಆದರೆ ಚರಂಡಿಯಿಲ್ಲದ, ಹೇಳುವವರು ಕೇಳುವವರಿಲ್ಲದ ರಸ್ತೆಯನ್ನು ಯಾವ ಹೊಸ ಸಾಮಗ್ರಿಯೂ ಉಳಿಸಲಾರದು. ನಮಗೆ ಒಪ್ಪಿಸಿದ್ದನ್ನು ಹೇಗೆ ನೋಡಿಕೊಂಡೆವೆಂದು ಲೆಕ್ಕ ಕೊಡಬೇಕಾದ ದಿನವೊಂದಿದೆ ಎಂದು ನಂಬುವವರು ನಾವು. ಆ ಲೆಕ್ಕದಲ್ಲಿ ನಮ್ಮ ಊರಿನ ರಸ್ತೆ, ಅದರ ಮೇಲೆ ಓಡಾಡುವ ನೆರೆಯವರ ಜೀವ ಕೂಡ ಸೇರಿದೆ. ಮುಂದಿನ ಮಳೆ ಬರುವ ಮೊದಲು ಈ ಕೆಲಸ ಶುರುವಾಗಲಿ.